ಮಾತು ಹಿಂದಿರುಗುತ್ತದೆ ಎಂದರೆ

ಬದಿಯಡ್ಕ, 10 ಆಗಸ್ಟ್ 2024, ಶನಿವಾರ

‘ಯತೋ ವಾಚೋ ನಿವರ್ತಂತೇ ಅಪ್ರಾಪ್ಯ ಮನಸಾ ಸಹ’ ಎಂಬ ತೈತ್ತಿರೀಯ ಉಪನಿಷತ್ತಿನ ವಾಕ್ಯವನ್ನು ನಮ್ಮಲ್ಲಿ ಹೆಚ್ಚಾಗಿ ಚರ್ಚೆಯನ್ನು ಮುಗಿಸುವುದಕ್ಕೇ ಬಳಸುತ್ತಾರೆ. ಮಾತೂ ಮನಸ್ಸೂ ತಲುಪಲಾರದೆ ಹಿಂದಿರುಗುತ್ತವೆ ಎಂದ ಮೇಲೆ ಹೇಳುವುದಕ್ಕೆ ಇನ್ನೇನೂ ಉಳಿಯಲಿಲ್ಲ ಎಂಬ ಭಾವನೆ. ನಿನ್ನೆ ರಾತ್ರಿ ದೇವಸ್ಥಾನದ ತಾಳಮದ್ದಳೆ ಮುಗಿದ ಮೇಲೆ ನಡೆದ ಮಾತುಕತೆಯನ್ನೂ ಹಿರಿಯರೊಬ್ಬರು ಇದೇ ವಾಕ್ಯದಿಂದ ಮುಗಿಸಿದರು. ಮನೆಗೆ ಬರುವ ದಾರಿಯಲ್ಲಿ ಸೋದರಳಿಯ ಕೇಳಿದ: “ಮಾವ, ಅದು ಮಾತಿಗೆ ಸಿಕ್ಕುವುದಿಲ್ಲ ಎಂದಾದರೆ ಇಷ್ಟೊಂದು ಭಾಷ್ಯ, ಟೀಕೆ, ಟಿಪ್ಪಣಿಗಳನ್ನು ಯಾಕೆ ಬರೆದದ್ದು?” ಆಟಿ ತಿಂಗಳ ಮಳೆಗೆ ಇಂದು ತೋಟಕ್ಕೆ ಇಳಿಯುವ ಹಾಗೆ ಇರಲಿಲ್ಲ. ದಿನವಿಡೀ ಆ ಪ್ರಶ್ನೆಯನ್ನೇ ಹಿಡಿದುಕೊಂಡು ಪುಸ್ತಕಗಳನ್ನು ತಿರುವಿ ಹಾಕಿದೆ.

ಮೊದಲು ತೆರೆದದ್ದು ಭರ್ತೃಹರಿಯ ವಾಕ್ಯಪದೀಯವನ್ನು. ಸುಮಾರು ಐದನೆಯ ಶತಮಾನದವನೆಂದು ವಿದ್ವಾಂಸರು ಗಣಿಸುವ ಈ ವೈಯಾಕರಣನಿಗೆ ಮಾತು ಪರತತ್ತ್ವದ ಹೊರಗೆ ನಿಂತು ಅದನ್ನು ತಲುಪಲು ಹೆಣಗುವ ಸಾಧನವಲ್ಲ. ಆದಿಯೂ ಅಂತ್ಯವೂ ಇಲ್ಲದ ಬ್ರಹ್ಮವೇ ಶಬ್ದತತ್ತ್ವ, ಅದೇ ಅರ್ಥಗಳ ರೂಪದಲ್ಲಿ ತೋರಿಕೊಳ್ಳುವುದರಿಂದ ಜಗತ್ತಿನ ವ್ಯವಹಾರವೆಲ್ಲ ಹೊರಡುತ್ತದೆ ಎಂದು ಮೂರು ಕಾಂಡಗಳ ಗ್ರಂಥದ ಮೊದಲ ಶ್ಲೋಕದಲ್ಲಿಯೇ ಅವನು ಸಾರುತ್ತಾನೆ. ಶಬ್ದದ ಸ್ಪರ್ಶವಿಲ್ಲದ ಅರಿವು ಲೋಕದಲ್ಲಿ ಇಲ್ಲವೇ ಇಲ್ಲ, ಎಲ್ಲ ಜ್ಞಾನವೂ ಶಬ್ದದಿಂದ ಹೆಣೆದುಕೊಂಡಂತೆಯೇ ಬೆಳಗುತ್ತದೆ ಎಂಬುದು ಅದೇ ಕಾಂಡದಲ್ಲಿ ಮುಂದೆ ಬರುವ ಮಾತು.

ಇದನ್ನು ಓದುವಾಗ ನಿನ್ನೆಯ ಕೂಟ ಕಣ್ಣಿಗೆ ಕಟ್ಟಿತು. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಶಾಲು ಹೊದ್ದ ಅರ್ಥಧಾರಿಗಳು ಎದುರುಬದುರಾಗಿ ಕುಳಿತಿದ್ದರು. ಭಾಗವತರು ಪದ ಮುಗಿಸಿ, ಮದ್ದಳೆಯ ಕೊನೆಯ ಪೆಟ್ಟು ಬಿದ್ದ ಮೇಲೆ, ಕೌರವನ ಅರ್ಥ ಹೇಳುವವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಜಾರಿದ ಶಾಲನ್ನು ಎಡಗೈಯಿಂದ ಹೆಗಲಿಗೆ ಏರಿಸಿಕೊಂಡು, “ಕೃಷ್ಣಾ, ಅರಮನೆ ಇರುವಾಗ ವಿದುರನ ಮನೆಯಲ್ಲಿ ಊಟವಾಯಿತಂತೆ” ಎಂದರು. ಆ ಒಂದು ವಾಕ್ಯಕ್ಕೆ ಸಭೆ, ಸಿಂಹಾಸನ, ಅವಮಾನ ಎಲ್ಲವೂ ಒಮ್ಮೆಲೇ ಎದ್ದು ನಿಂತವು. ಕಿವಿಗೆ ಬಿದ್ದದ್ದು ಒಂದರ ಹಿಂದೆ ಒಂದಾಗಿ ಹುಟ್ಟಿ ಅಳಿಯುವ ಧ್ವನಿಗಳು; ‘ಊ’ಕಾರ ಕೇಳುವ ಹೊತ್ತಿಗೆ ‘ಕೃ’ಕಾರ ಇರಲಿಲ್ಲ. ಆದರೂ ನಮಗೆ ತಿಳಿದದ್ದು ತುಂಡುತುಂಡಾಗಿ ಅಲ್ಲ, ಇಡಿಯಾಗಿ. ಈ ಇಡಿಯಾದ, ಭಾಗಗಳಿಲ್ಲದ ಶಬ್ದವನ್ನೇ ವೈಯಾಕರಣರು ಸ್ಫೋಟ ಎಂದು ಕರೆದರು. ಧ್ವನಿಗಳು ಅದನ್ನು ಹೊರಗೆ ತೋರಿಸುತ್ತವೆಯೇ ಹೊರತು ಅದನ್ನು ಹುಟ್ಟಿಸುವುದಿಲ್ಲ. ಮಾತಿನ ಹಂತಗಳಲ್ಲಿ ಕಿವಿಗೆ ಕೇಳುವ ವೈಖರಿಯಿಂದ, ಮನಸ್ಸಿನೊಳಗೇ ನಡೆಯುವ ಮಧ್ಯಮೆಗೆ, ಅಲ್ಲಿಂದ ಕ್ರಮವೇ ಇಲ್ಲದ ಪಶ್ಯಂತಿಗೆ ಭರ್ತೃಹರಿ ನಮ್ಮನ್ನು ಕರೆದೊಯ್ಯುವ ದಾರಿ ಇದೇ.

ಶಂಕರರು ಇದನ್ನು ಒಪ್ಪಲಿಲ್ಲ. ವರ್ಣಗಳೇ, ಅಂದರೆ ಅಕ್ಷರಧ್ವನಿಗಳೇ, ಶಬ್ದ ಎಂಬ ಪ್ರಾಚೀನ ವ್ಯಾಖ್ಯಾನಕಾರ ಉಪವರ್ಷರ ಮತವನ್ನು ಮುಂದಿಟ್ಟು, ವರ್ಣಗಳೂ ಅವುಗಳ ಕ್ರಮವೂ ಅರ್ಥದ ಅರಿವಿಗೆ ಸಾಕಾಗಿರುವಾಗ ಕಾಣದ ಸ್ಫೋಟವೊಂದನ್ನು ಕಲ್ಪಿಸುವುದೇಕೆ ಎಂದು ಬ್ರಹ್ಮಸೂತ್ರಭಾಷ್ಯದಲ್ಲಿ ಕೇಳುತ್ತಾರೆ. ಅವರಿಗೆ ಶಬ್ದ ವಸ್ತುವನ್ನು ಹಿಡಿಯುವುದು ನಾಲ್ಕು ಹಿಡಿಗಳಿಂದ: ಹಸು ಎನ್ನುವಾಗ ಜಾತಿ, ಬಿಳಿಯದು ಎನ್ನುವಾಗ ಗುಣ, ಬೇಯಿಸುತ್ತಾನೆ ಎನ್ನುವಾಗ ಕ್ರಿಯೆ, ಹಣವಂತ ಎನ್ನುವಾಗ ಸಂಬಂಧ. ಬ್ರಹ್ಮದಲ್ಲಿ ಈ ನಾಲ್ಕೂ ಇಲ್ಲದ್ದರಿಂದ ಯಾವ ಶಬ್ದವೂ ಅದನ್ನು ನೇರವಾಗಿ ಹೇಳಲಾರದು. ‘ಸತ್ಯಂ ಜ್ಞಾನಮನಂತಂ’ ಎಂಬ ಉಪನಿಷದ್ವಾಕ್ಯದಲ್ಲಿ ಪದಗಳು ಒಂದನ್ನೊಂದು ತಡೆದು, ತಮ್ಮ ಎಂದಿನ ಅರ್ಥಗಳಿಂದ ಹಿಂದೆ ಸರಿದು, ಬ್ರಹ್ಮವನ್ನು ಲಕ್ಷಣೆಯಿಂದ, ಅಂದರೆ ನೇರವಾಗಿ ಹೇಳದೆ ಸೂಚನೆಯಿಂದ, ತೋರಿಸುತ್ತವೆ ಅಷ್ಟೆ.

ಮೌನವೇ ಉತ್ತರ ಎನ್ನುವವರು ಇದೇ ಭಾಷ್ಯದಲ್ಲಿ ಬರುವ ಬಾಧ್ವನ ಪ್ರಸಂಗವನ್ನು ಎತ್ತಿಕೊಳ್ಳುತ್ತಾರೆ. ಬ್ರಹ್ಮವನ್ನು ಹೇಳಿಕೊಡಬೇಕೆಂದು ಬಾಷ್ಕಲಿ ಕೇಳಿದಾಗ ಬಾಧ್ವ ಸುಮ್ಮನಿದ್ದನೆಂಬಲ್ಲಿಗೆ ಅವರು ಪ್ರಸಂಗವನ್ನು ನಿಲ್ಲಿಸಿಬಿಡುತ್ತಾರೆ. ಭಾಷ್ಯ ಅಲ್ಲಿಗೆ ನಿಲ್ಲಿಸುವುದಿಲ್ಲ. ಎರಡನೆಯ ಅಥವಾ ಮೂರನೆಯ ಸಲ ಕೇಳಿದಾಗ ಬಾಧ್ವ ಬಾಯಿಬಿಟ್ಟು, ನಾವು ಹೇಳುತ್ತಲೇ ಇದ್ದೇವೆ, ನಿನಗೆ ತಿಳಿಯುತ್ತಿಲ್ಲ, ಈ ಆತ್ಮ ಉಪಶಾಂತವಾದದ್ದು ಎಂದು ಹೇಳುತ್ತಾನೆ. ಆ ಮೌನ ಉತ್ತರವೆಂದು ಶಿಷ್ಯನಿಗೆ ತಿಳಿಯಬೇಕಾದರೂ ಒಂದು ವಾಕ್ಯ ಬೇಕಾಯಿತು. ಬೌದ್ಧ ದಾರ್ಶನಿಕ ನಾಗಾರ್ಜುನನೂ ಮೂಲಮಧ್ಯಮಕಕಾರಿಕೆಯ 24ನೆಯ ಪ್ರಕರಣದಲ್ಲಿ ಲೋಕದ ಮಾತಿನ ವ್ಯವಹಾರವನ್ನು ಆಶ್ರಯಿಸದೆ ಪರಮಾರ್ಥವನ್ನು ಬೋಧಿಸಲಾಗದು ಎಂದಿದ್ದಾನೆ; ಎಲ್ಲ ಪ್ರಪಂಚದ, ಅಂದರೆ ಮಾತು ಕಲ್ಪನೆಗಳ ಹರಹಿನ, ಉಪಶಮವನ್ನು ಬೋಧಿಸಿದವನೆಂದು ಬುದ್ಧನನ್ನು ವಂದಿಸಿ ಗ್ರಂಥ ಆರಂಭಿಸಿದವನೇ ಹೀಗೆ ಹೇಳಿರುವುದರಿಂದ ಆ ಮಾತಿಗೆ ತೂಕ ಹೆಚ್ಚು. ಇನ್ನು ಭರ್ತೃಹರಿಯ ಸೂಕ್ಷ್ಮವನ್ನು ಮೆಚ್ಚದೆ ಇರಲಾಗದು: ಒಂದನ್ನು ‘ಅವಾಚ್ಯ’, ಅಂದರೆ ಶಬ್ದದಿಂದ ಹೇಳಲಾಗದ್ದು, ಎಂದು ಕರೆದೆವೆಂದರೆ, ಆ ಹೆಸರಿನಿಂದಲೇ ಅದು ವಾಚ್ಯವಾಗಿಬಿಟ್ಟಿತಲ್ಲ ಎಂದು ಅವನು ಮೂರನೆಯ ಕಾಂಡದಲ್ಲಿ ತೋರಿಸುತ್ತಾನೆ.

ಈ ವಿಷಯದಲ್ಲಿ ಅತ್ಯಂತ ಧೈರ್ಯದ ಮಾತನ್ನು ಆಡಿದವರು ಮಧ್ವಾಚಾರ್ಯರು ಎಂದು ನನಗೆ ಅನ್ನಿಸುತ್ತದೆ. ನಮ್ಮ ಕಾಸರಗೋಡಿಗೆ ಇದು ದೂರದ ಸಂಗತಿಯೂ ಅಲ್ಲ. ಹದಿಮೂರನೆಯ ಶತಮಾನದಲ್ಲಿ ಕುಂಬಳೆಯ ಅರಸ ಜಯಸಿಂಹನ ಕಾಲದಲ್ಲಿ, ಈ ಸೀಮೆಯವರೇ ಆದ ತ್ರಿವಿಕ್ರಮ ಪಂಡಿತಾಚಾರ್ಯರು ಮಧ್ವರೊಂದಿಗೆ ಹಲವು ದಿನ ವಾದ ನಡೆಸಿ, ಕೊನೆಗೆ ಅವರ ಶಿಷ್ಯರಾಗಿ, ಅವರ ಬ್ರಹ್ಮಸೂತ್ರಭಾಷ್ಯಕ್ಕೆ ತತ್ತ್ವಪ್ರದೀಪವೆಂಬ ವ್ಯಾಖ್ಯಾನವನ್ನು ಬರೆದರು. ಅವರ ಮಗ ನಾರಾಯಣ ಪಂಡಿತಾಚಾರ್ಯರು 16 ಸರ್ಗಗಳ ಸುಮಧ್ವವಿಜಯದಲ್ಲಿ ಈ ವಾದವನ್ನು ವರ್ಣಿಸಿದ್ದಾರೆ.

‘ಈಕ್ಷತೇರ್ನಾಶಬ್ದಂ’ ಎಂಬ ಬ್ರಹ್ಮಸೂತ್ರವನ್ನು ನೋಡಿದರೆ ಶಂಕರರ ಮತ್ತು ಮಧ್ವರ ದಾರಿ ಎಲ್ಲಿ ಕವಲೊಡೆಯಿತೆಂದು ತಿಳಿಯುತ್ತದೆ. ಜಗತ್ಕಾರಣಕ್ಕೆ ಈಕ್ಷಣವನ್ನು, ಅಂದರೆ ಆಲೋಚನೆಯನ್ನು, ಶ್ರುತಿ ಹೇಳಿರುವುದರಿಂದ ವೇದದ ಆಧಾರವಿಲ್ಲದ ಸಾಂಖ್ಯರ ‘ಪ್ರಧಾನ’ವೆಂಬ ಜಡ ಮೂಲಪ್ರಕೃತಿ ಜಗತ್ತಿಗೆ ಕಾರಣವಲ್ಲ ಎಂದು ಶಂಕರರು ವಿವರಿಸಿದರೆ, ಬ್ರಹ್ಮವು ಅರಿಯಬೇಕಾದದ್ದು ಎಂದು ಶ್ರುತಿಯೇ ಹೇಳಿರುವುದರಿಂದ ಅದು ಶಬ್ದಕ್ಕೆ ನಿಲುಕದ್ದಲ್ಲ ಎಂದು ಮಧ್ವರು ಅರ್ಥೈಸಿದರು. ಶಬ್ದಕ್ಕೆ ನಿಲುಕದ ಬ್ರಹ್ಮವನ್ನು ಶಾಸ್ತ್ರದಿಂದ ವಿಚಾರಿಸಿ ಎಂದು ಹೇಳುವುದರಲ್ಲಿ ಅರ್ಥವೇನು ಎಂಬುದು ಅವರ ಪಟ್ಟು. ಮಾತು ಹಿಂದಿರುಗುವುದು ಸೋತು ಅಲ್ಲ. ಮೇರುವನ್ನು ಕಂಡವರೂ ಅದನ್ನು ಪೂರ್ಣವಾಗಿ ಕಾಣಲಾರರು ಎಂಬಂತೆ, ಹೇಳಿ ಮುಗಿಸಲಾಗದ್ದರಿಂದ. ಅವರ ಮತದಲ್ಲಿ ಎಲ್ಲ ಶಬ್ದಗಳೂ, ದೋಷವನ್ನು ಹೇಳುವಂತೆ ಕಾಣುವ ಶಬ್ದಗಳು ಕೂಡ, ಪರಮಮುಖ್ಯವಾಗಿ ವಿಷ್ಣುವನ್ನೇ ಹೇಳುತ್ತವೆ. ಲೋಕದ ವಸ್ತುಗಳಿಗೆ ಅವು ಸಲ್ಲುವುದು ಆ ಬಳಿಕ.

ಲಕ್ಷಣೆಯ ಮೇಲೆ ಮಾಧ್ವರು ಎತ್ತುವ ಆಕ್ಷೇಪವನ್ನು ಮಧ್ಯಾಹ್ನವೆಲ್ಲ ಯೋಚಿಸಿದೆ. ‘ಗಂಗೆಯಲ್ಲಿ ಹಟ್ಟಿ’ ಎಂದಾಗ ಗಂಗಾ ಶಬ್ದ ಲಕ್ಷಣೆಯಿಂದ ದಡವನ್ನು ತೋರಿಸುತ್ತದೆ, ನಿಜ. ಆದರೆ ದಡಕ್ಕೆ ‘ದಡ’ ಎಂಬ ತನ್ನದೇ ಶಬ್ದವಿದೆ. ಯಾವ ಶಬ್ದಕ್ಕೂ ವಾಚ್ಯವಲ್ಲದ ವಸ್ತು ಲಕ್ಷ್ಯವಾದೀತು ಹೇಗೆ? ಇದಕ್ಕೆ ಅದ್ವೈತದ ಕಡೆಯಿಂದ ಬಲವಾದ ಉತ್ತರವಾಗಬಲ್ಲದ್ದು, ಮಧ್ವರಿಗಿಂತ ಎಷ್ಟೋ ಮೊದಲೇ ಶಂಕರರ ಶಿಷ್ಯ ಸುರೇಶ್ವರರು ನೈಷ್ಕರ್ಮ್ಯಸಿದ್ಧಿಯಲ್ಲಿ ಹೇಳಿಟ್ಟದ್ದು: ಗಾಢ ನಿದ್ರೆಯಲ್ಲಿರುವವನನ್ನು ಕೂಗಿದಾಗ ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಗ್ರಹಿಸದೆಯೇ ಅವನು ಎಚ್ಚರಗೊಳ್ಳುತ್ತಾನೆ, ‘ಅದು ನೀನೇ’ ಎನ್ನುವ ‘ತತ್ತ್ವಮಸಿ’ಯೂ ಹಾಗೆಯೇ ಎಬ್ಬಿಸುವ ಮಾತು. ಈ ಉತ್ತರ ನನ್ನನ್ನು ಬಹಳ ಹಿಡಿದಿಟ್ಟಿದೆ. ಆದರೂ ಪೂರ್ತಿ ಒಪ್ಪಿಬಿಡಲು ಮನಸ್ಸು ಬರುವುದಿಲ್ಲ, ಏಕೆಂದರೆ ಪಕ್ಕದಲ್ಲಿ ಬೇರೆ ಯಾರು ಏನು ಮಾತನಾಡಿದರೂ ಮಲಗಿಯೇ ಇರುವವನು ತನ್ನ ಹೆಸರು ಹಿಡಿದು ಕರೆದರೆ ಎದ್ದು ಕೂರುವುದುಂಟು. ಬರಿಯ ಸದ್ದಷ್ಟೇ ಎಬ್ಬಿಸುವುದಾಗಿದ್ದರೆ ಯಾವ ಮಾತಾದರೂ ಸಾಕಿತ್ತು.