ಒಂದು ಒಳ್ಳೆಯ ಮಾತೂ ಸಿಗದ ನಾಯಕರು

ಕಥೆ ಓದುವವರು, ಬರೆಯುವವರು ಸೇರಿದ ಕಡೆಯೆಲ್ಲ ನನಗೆ ಒಂದೇ ಪ್ರಶ್ನೆ ಎದುರಾಗುತ್ತದೆ. "ನೀವು ಮೆಚ್ಚುವ ಕಥೆಗಳಲ್ಲಿ ನಾಯಕನಿಗೆ ಕೊನೆಗೂ ಒಂದು ಒಳ್ಳೆಯ ಮಾತು ಸಿಗುವುದಿಲ್ಲವಲ್ಲ, ಯಾಕೆ? ಜೀವ ಒತ್ತೆಯಿಟ್ಟು ಕಾಪಾಡಿದವನನ್ನು ಅದೇ ಜನ ಕಣ್ಣೆತ್ತಿ ನೋಡದಿದ್ದರೆ, ಓದಿದವರಿಗೆ ಏನು ಸಮಾಧಾನ?" ಕೇಳುವವರ ದನಿಯಲ್ಲಿ ಸಿಟ್ಟು ಇರುತ್ತದೆ, ಪುಸ್ತಕದೊಳಗಿನ ಆ ಮನುಷ್ಯನ ಪರವಾಗಿ ಜಗಳಕ್ಕೆ ನಿಂತವರ ಸಿಟ್ಟು. ನನಗೆ ಆ ಸಿಟ್ಟಿನ ಮೇಲೆ ಬಹಳ ಗೌರವ. ಉತ್ತರವೂ ಅದರೊಳಗೇ ಇದೆ ಎಂದು ನನಗನ್ನಿಸುತ್ತದೆ.

'ಕೆರೆಗೆ ಹಾರ' ಎಂಬ ಜನಪದ ಹಾಡಿನಿಂದ ಶುರುಮಾಡುತ್ತೇನೆ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ಅದರಲ್ಲಿ 'ಸೆರೆಮುಕ್ಕ ನೀರಿಲ್ಲ'. ಸೊಸೆಯೊಬ್ಬಳನ್ನು ಹಾರ, ಅಂದರೆ ಬಲಿ, ಕೊಟ್ಟರೆ ನೀರು ಬರುತ್ತದೆ ಎಂಬ ಮಾತು ಬರುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನಕ್ಕೆ ಯಾರೂ ಇಲ್ಲದಂತಾಗುತ್ತದೆ, ಹಾಗಾಗಿ ಲೆಕ್ಕ ಕಿರಿಸೊಸೆ ಭಾಗೀರಥಿಯ ಹತ್ತಿರ ಬಂದು ನಿಲ್ಲುತ್ತದೆ. ಸುದ್ದಿ ಅವಳ ಕಿವಿಗೂ ಬೀಳುತ್ತದೆ. ತವರಿಗೆ ಹೋದರೂ ಹೆತ್ತವರೆದುರು ನಿಜ ಬಾಯಿಬಿಡುವುದಿಲ್ಲ, ಗೆಳತಿಯ ಮುಂದೆ ಮಾತ್ರ ಹೇಳುತ್ತಾಳೆ. 'ಇಟ್ಟ ಹಾಗೆ ಇರಬೇಕು' ಎನ್ನುತ್ತಾಳೆ ಆ ಗೆಳತಿ. ಭಾಗೀರಥಿ ಮರಳಿ ಗಂಡನ ಮನೆಗೇ ಬರುತ್ತಾಳೆ.

ಮುಂದಿನದು ನನಗೆ ಕನ್ನಡದಲ್ಲೇ ಅತ್ಯಂತ ಕಷ್ಟದ ಸಾಲುಗಳು. ಪೂಜೆ ಮುಗಿದಿದೆ, ಬಂಗಾರದ ಬಟ್ಟಲು ಕೆರೆಯಲ್ಲೇ ಉಳಿದುಹೋಗಿದೆ, ತರಲು ಅವಳೇ ಹೋಗಬೇಕು. ಬಟ್ಟಲು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾಳೆ. ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ಪಾದಕ್ಕೆ ನೀರು, ಎರಡಕ್ಕೆ ಪಾದ ಮುಳುಗಿತು, ಮುಂದೆ ನಡುಮಟ್ಟ. ಗಮನಿಸಿ, ಅವಳು ಇಳಿಯುತ್ತಿಲ್ಲ, ಹತ್ತುತ್ತಿದ್ದಾಳೆ. ಮನೆಯ ಬಟ್ಟಲನ್ನು ಮನೆಗೆ ಮುಟ್ಟಿಸಲು ಮೇಲೆ ಬರುತ್ತಿರುವವಳನ್ನು ನೀರು ಅಟ್ಟಿಸಿಕೊಂಡು ಬಂದು ಹಿಡಿಯುತ್ತದೆ. ಕೆರೆ ತುಂಬಿದ ಮೇಲೆ ಯಾರೂ ದಂಡೆಗೆ ಬಂದು ಕೈಮುಗಿಯುವುದಿಲ್ಲ.

ಒಂದು ವೇಳೆ ಕೈಮುಗಿದಿದ್ದರೆ? ಮಾವ ಕಣ್ಣೀರು ಹಾಕಿ 'ನಮ್ಮ ಮನೆಯ ದೇವತೆ ನೀನು ತಾಯಿ' ಎಂದಿದ್ದರೆ? ನಾವು ಹಗುರಾಗಿಬಿಡುತ್ತಿದ್ದೆವು. ಕೊಲೆ ತ್ಯಾಗವಾಗಿ, ತ್ಯಾಗ ಪುಣ್ಯವಾಗಿ, ಲೆಕ್ಕ ಚುಕ್ತಾ ಆಗಿಹೋಗುತ್ತಿತ್ತು. ಕೃತಜ್ಞತೆಗೆ ಅಂಥದೊಂದು ಶಕ್ತಿ ಇದೆ, ಅದು ಸಾಲ ತೀರಿಸಿಬಿಡುತ್ತದೆ. ಹಾಡು ಕಟ್ಟಿದವರು ಆ ಸಾಲ ತೀರಲು ಬಿಡಲಿಲ್ಲ. ಅದಕ್ಕೇ ಅದು ಇಷ್ಟು ತಲೆಮಾರು ದಾಟಿ ಬಂದು ಈಗಲೂ ನಮ್ಮ ಕೊರಳು ಬಿಗಿಯುತ್ತದೆ.

ಇದು ನನ್ನ ಉತ್ತರದ ಒಂದು ಭಾಗ. ಇನ್ನೊಂದು ಭಾಗ ಅದಕ್ಕಿಂತ ಮುಖ್ಯ: ಇಂಥ ಕಥೆಯ ಜೀವ ಇರುವುದು ನಾಯಕನಲ್ಲಿ ಅಲ್ಲ, ಅವನನ್ನು ಮರೆತವರಲ್ಲಿ.

ಬರೆಯಲು ಶುರುಮಾಡಿದ್ದ ಹುಡುಗನೊಬ್ಬ ಒಮ್ಮೆ ತನ್ನ ಕಥೆ ತೋರಿಸಿದ. ನಾಯಕ ಊರನ್ನು ಬೆಂಕಿಯಿಂದ ಕಾಪಾಡುತ್ತಾನೆ, ಊರವರು ಅವನ ಮೇಲೆ ಕಲ್ಲು ಹೊಡೆಯುತ್ತಾರೆ. "ಮೊದಲ ಕಲ್ಲು ಹೊಡೆದವನ ಹೆಸರೇನು?" ಎಂದು ಕೇಳಿದೆ. ಹೆಸರಿರಲಿಲ್ಲ. "ಯಾಕೆ ಹೊಡೆದ?" "ಜನ ಹಾಗೇ ಅಲ್ವಾ ಸರ್" ಎಂದ. ಅಲ್ಲ. ಜನ ಸುಮ್ಮನೆ ಹಾಗಿರುವುದಿಲ್ಲ. ಕಾರಣವಿಲ್ಲದ ಕೃತಘ್ನತೆ ನಾಯಕನನ್ನು ದೊಡ್ಡವನನ್ನಾಗಿ ಮಾಡಲು ಮಿಕ್ಕವರನ್ನೆಲ್ಲ ಕುಳ್ಳಗೆ ಕತ್ತರಿಸಿದಂತೆ. ಅಂಥ ಕಥೆ ಓದಿ ನಾವು 'ಪಾಪ' ಎನ್ನುತ್ತೇವೆ, ಪುಟ ತಿರುವುತ್ತೇವೆ, ಮರೆಯುತ್ತೇವೆ. ಆ ಹುಡುಗ ಎರಡು ತಿಂಗಳ ಮೇಲೆ ಮತ್ತೆ ಬಂದ. ಮೊದಲ ಕಲ್ಲು ಹೊಡೆದವನು ಬೆಂಕಿ ಬಿದ್ದಾಗ ತಾಯಿಯನ್ನು ಒಳಗೇ ಬಿಟ್ಟು ಓಡಿದ್ದವನು. ಅವಳನ್ನು ಹೊತ್ತು ತಂದ ನಾಯಕ ಕಣ್ಣೆದುರು ಇರುವವರೆಗೂ ಅವನಿಗೆ ತಲೆಯೆತ್ತಿ ನಡೆಯಲಾಗುವುದಿಲ್ಲ. ಓದುತ್ತ ನನ್ನ ಕೈ ತಣ್ಣಗಾಯಿತು.

1952ರ 'ಹೈ ನೂನ್' ಸಿನಿಮಾದಲ್ಲಿ ಈ ಕಾರಣಗಳನ್ನು ಒಂದೊಂದಾಗಿ ನೋಡಬಹುದು. ಊರಿನ ಕಾನೂನು ಕಾಯುವ ಮಾರ್ಷಲ್ ವಿಲ್ ಕೇನ್ ಮದುವೆಯಾಗಿ, ಕೆಲಸ ಬಿಟ್ಟು ಹೊರಟ ದಿನವೇ, ಅವನು ಜೈಲಿಗೆ ಕಳಿಸಿದ್ದ ಕೊಲೆಗಡುಕ ಮಧ್ಯಾಹ್ನದ ರೈಲಿನಲ್ಲಿ ಬರುತ್ತಿದ್ದಾನೆ ಎಂಬ ಸುದ್ದಿ ಬರುತ್ತದೆ. ಕೇನ್ ಮನೆಮನೆಗೆ ಹೋಗಿ ನೆರವು ಕೇಳುತ್ತಾನೆ. ಶಿಕ್ಷೆ ಕೊಟ್ಟ ನ್ಯಾಯಾಧೀಶ ಗಂಟುಮೂಟೆ ಕಟ್ಟುತ್ತಾನೆ. ಗೆಳೆಯನೊಬ್ಬ ಒಳಗೇ ಕೂತು 'ಮನೆಯಲ್ಲಿಲ್ಲ' ಎಂದು ಹೆಂಡತಿಯಿಂದ ಹೇಳಿಸುತ್ತಾನೆ. ಚರ್ಚಿನಲ್ಲಿ ಇನ್ನೊಬ್ಬ ಗೆಳೆಯ ಅವನನ್ನು ಬಾಯಿತುಂಬ ಹೊಗಳಿ, ಬೀದಿಯಲ್ಲಿ ಗುಂಡು ಹಾರಿದರೆ ಊರಿಗೆ ಹಣ ಹಾಕುವವರು ಹಿಂದೆ ಸರಿಯುತ್ತಾರೆ, ಆದ್ದರಿಂದ ನೀನು ಹೊರಟುಹೋಗು ಎನ್ನುತ್ತಾನೆ. ಎಲ್ಲರದೂ ನಮಗೆ ಅರ್ಥವಾಗುವ ಮಾತೇ, ಅದೇ ಭಯಂಕರ. ಕೊನೆಗೆ ಎಲ್ಲ ಮುಗಿದು ಬೀದಿ ಸುರಕ್ಷಿತವಾದ ಮೇಲೆ ಜನ ಹೊರಬಂದು ಅವನ ಸುತ್ತ ಸೇರುತ್ತಾರೆ. ಕೇನ್ ಒಂದು ಮಾತೂ ಆಡದೆ ಎದೆಯ ಮೇಲಿನ ನಕ್ಷತ್ರವನ್ನು, ತನ್ನ ಅಧಿಕಾರದ ಬಿಲ್ಲೆಯನ್ನು, ಕಿತ್ತು ಧೂಳಿಗೆ ಹಾಕಿ, ಹೆಂಡತಿಯ ಜೊತೆ ಗಾಡಿ ಏರುತ್ತಾನೆ. ಮೆಚ್ಚುಗೆ ಈಗ ಸಿಗುವಂತಿದೆ, ಅವನಿಗೇ ಬೇಡ.

ಸ್ಪೈಡರ್‌ಮ್ಯಾನ್ ಎಂದ ಕೂಡಲೇ ಮಕ್ಕಳ ಕಾಮಿಕ್ಸ್ ಎಂದು ಬದಿಗಿಡುವವರಿದ್ದಾರೆ, ನಾನು ಇಡುವುದಿಲ್ಲ. 1962ರಲ್ಲಿ ಹುಟ್ಟಿದ ಈ ನಾಯಕನನ್ನು ಪತ್ರಿಕೆಯ ಒಡೆಯ ಜೇಮ್ಸನ್ ದಿನಾ ಬೈದು ಬರೆಸುತ್ತಾನೆ. ಆರಂಭದ ಸಂಚಿಕೆಯೊಂದರಲ್ಲಿ ಆತ ಒಬ್ಬನೇ ಕೂತು ಒಪ್ಪಿಕೊಳ್ಳುತ್ತಾನೆ: ತಾನು ಬದುಕಿಡೀ ದುಡ್ಡಿನ ಹಿಂದೆ ಓಡಿದೆ, ಇವನು ಏನನ್ನೂ ಬಯಸದೆ ಜೀವ ಪಣಕ್ಕಿಡುತ್ತಾನೆ, ಇವನು ಒಳ್ಳೆಯವನೆಂದು ಒಪ್ಪಿದರೆ ತಾನೇನು ಎಂಬ ಪ್ರಶ್ನೆ ಏಳುತ್ತದೆ. ಆ ಒಂದು ಪುಟ ಇಲ್ಲದಿದ್ದರೆ ಜೇಮ್ಸನ್ ಬರೀ ಕೂಗಾಡುವ ಮನುಷ್ಯ.

ಜಪಾನಿನ ನಿರ್ದೇಶಕ ಕುರೊಸಾವಾ 1954ರ ಸಿನಿಮಾ 'ಸೆವೆನ್ ಸಮುರಾಯ್'ನಲ್ಲಿ ಇನ್ನೂ ಆಳಕ್ಕೆ ಹೋಗುತ್ತಾರೆ. ದರೋಡೆಕೋರರಿಂದ ರೈತರನ್ನು ಕಾಪಾಡಲು ಬಂದ ಏಳು ಜನ ಸಮುರಾಯ್‌ಗಳಲ್ಲಿ, ಅಂದರೆ ಕತ್ತಿ ಹಿಡಿದ ಯೋಧರಲ್ಲಿ, ನಾಲ್ವರು ಸಾಯುತ್ತಾರೆ. ಕೊನೆಯ ದೃಶ್ಯದಲ್ಲಿ ರೈತರು ಹಾಡಿಕೊಂಡು ಗದ್ದೆ ನಾಟಿ ಮಾಡುತ್ತಿದ್ದಾರೆ, ಉಳಿದ ಮೂವರನ್ನು ಬೀಳ್ಕೊಡುವವರು ಯಾರೂ ಇಲ್ಲ. ದಿಬ್ಬದ ಮೇಲಿನ ನಾಲ್ಕು ಗೋರಿಗಳಿಗೆ ಕತ್ತಿ ನೆಟ್ಟಿದೆ. ನಾವು ಸೋತೆವು, ಗೆದ್ದವರು ಆ ರೈತರು ಎನ್ನುತ್ತಾನೆ ಹಿರಿಯ ಕಂಬೇಯ್. ಎಂಥ ಜನ ಇವರು ಎಂದು ನಮಗನ್ನಿಸುವ ಹೊತ್ತಿಗೆ ಮೊದಲು ಕೇಳಿದ್ದ ಒಂದು ಮಾತು ನೆನಪಾಗಬೇಕು. ರೈತರು ಹಿಂದೆ ಸಮುರಾಯ್‌ಗಳನ್ನು ಕೊಂದು ಅವರ ಕವಚ ಬಚ್ಚಿಟ್ಟಿದ್ದು ಬಯಲಾದಾಗ, ಆ ಏಳು ಜನರಲ್ಲೊಬ್ಬನಾದ, ರೈತನ ಮಗನಾಗಿ ಹುಟ್ಟಿದ ಕಿಕುಚಿಯೊ ಜೊತೆಯ ಸಮುರಾಯ್‌ಗಳ ಮೇಲೆ ಕೆರಳಿ ಕೂಗುತ್ತಾನೆ: ಹೌದು, ರೈತರು ಕಪಟಿಗಳು, ಜಿಪುಣರು, ಹೇಡಿಗಳು. ಆದರೆ ಅವರನ್ನು ಹಾಗೆ ಮಾಡಿದವರು ಯಾರು? ನೀವೇ. ಅವರ ಊರು ಸುಟ್ಟವರು, ಬೆಳೆ ಕಿತ್ತುಕೊಂಡವರು ನೀವೇ. ಆ ಮಾತು ಕೇಳಿದ ಮೇಲೆ ಕೊನೆಯ ನಾಟಿಯ ಹಾಡು ಬರೀ ಕೃತಘ್ನತೆಯ ಹಾಡಾಗಿ ಕೇಳಿಸುವುದಿಲ್ಲ. ತಲೆತಲಾಂತರದಿಂದ ಕತ್ತಿ ಹಿಡಿದವರಿಗೆ ಹೆದರಿದವರು ಏಳು ಒಳ್ಳೆಯ ಕತ್ತಿಗಳನ್ನು ಕಂಡ ಮಾತ್ರಕ್ಕೆ ಹೇಗೆ ನಂಬಿಬಿಟ್ಟಾರು?

ಹಾಗಾದರೆ ಗೌರವ ಕೊಡಬೇಕಾದವರು ಯಾರು? ಪಂಪನ 'ವಿಕ್ರಮಾರ್ಜುನ ವಿಜಯ' ನನಗೆ ಇಲ್ಲಿ ದಾರಿ ತೋರಿಸುತ್ತದೆ. 941ರ ಕಾವ್ಯ, ಮಹಾಭಾರತದ ಕಥೆ, ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಬರೆದದ್ದು, ಹಾಗಾಗಿ ನಾಯಕ ಯಾರೆಂಬುದರಲ್ಲಿ ಅನುಮಾನವೇ ಇಲ್ಲ. ಕರ್ಣನಿಗೆ ಆ ಕಥೆಯೊಳಗೆ, ದುರ್ಯೋಧನನ ಸ್ನೇಹ ಬಿಟ್ಟರೆ, ಸಿಕ್ಕಿದ್ದು ಹುಟ್ಟಿನ ಹೆಸರಿನಲ್ಲಿ ಅವಮಾನ. ಆದರೆ ಅವನು ಬಿದ್ದಾಗ ಕವಿಗೆ ತಡೆಯಲಾಗುವುದಿಲ್ಲ: 'ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ'. ಮಹಾಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡ, ನೆನೆಯುವುದಾದರೆ ಕರ್ಣನನ್ನು ನೆನೆ. 'ಅಣ್ಣ' ಎಂದು ಕರೆದದ್ದು ನನ್ನನ್ನು, ನಿಮ್ಮನ್ನು. ಕಥೆಯೊಳಗೆ ಉಳಿದವರು ಕೊಡದಿದ್ದುದನ್ನು ಕೇಳುವವರ ಕೈಗೆ ದಾಟಿಸಿದ ಮಾತು ಅದು. ಪ್ರಶ್ನೆ ಕೇಳುವವರ ಸಿಟ್ಟಿನ ಮೇಲೆ ಗೌರವ ಎಂದದ್ದು ಇದಕ್ಕೇ, ಆ ಕೆಲಸವನ್ನು ಅವರು ಆಗಲೇ ಮಾಡುತ್ತಿದ್ದಾರೆ.

ಭಾಗೀರಥಿಯ ಹಾಡಿಗೆ ಇನ್ನೊಂದು ತುದಿ ಇದೆ. ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆ ಏರಿ ಬರುತ್ತಾನೆ. ಮನೆಯವರು ಅವನನ್ನು ಉಪಚರಿಸಲು ನಿಲ್ಲುತ್ತಾರೆ. ಅವನಿಗೆ ಅದು ಯಾವುದೂ ಬೇಡ. ನನ್ನ ಮಡದಿ ಎಲ್ಲಿ ಎಂದು ಕೇಳುತ್ತಾನೆ. ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ, ಅಲ್ಲಿಗೆ ಹೋಗಿ ಕೇಳುತ್ತಾನೆ. ಗೆಳತಿಯ ಮನೆಗೆ ಎನ್ನುತ್ತಾರೆ, ಅಲ್ಲಿಗೂ ಹೋಗಿ ಕೇಳುತ್ತಾನೆ. ತುಂಬಿದ ಕೆರೆಯ ಊರಿನಲ್ಲಿ ಅವಳೆಲ್ಲಿ ಎಂದು ಕೇಳಿದವನು ಅವನೊಬ್ಬನೇ. ಗೆಳತಿ ಅಳುತ್ತ ನಿಜ ಹೇಳುತ್ತಾಳೆ. ಅವನು ಕುದುರೆಯನ್ನು ಕೆರೆಯ ಕಡೆಗೆ ತಿರುಗಿಸುತ್ತಾನೆ.