ಕಾರ್ನಾರ್ವನ್ ಗಾರ್ಜ್ ಒಂದೇ ದಿನದಲ್ಲಿ ಕವರ್ ಆಗುತ್ತಾ?

ಇದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ, ಕಾರ್ನಾರ್ವನ್ ರಾಷ್ಟ್ರೀಯ ಉದ್ಯಾನದೊಳಗಿನ ಕಮರಿ. ಬ್ರಿಸ್ಬೇನ್‌ನಿಂದ ಬೆಳಗ್ಗೆ ಹೊರಟು ರಾತ್ರಿ ವಾಪಸ್ ಅನ್ನೋ ಲೆಕ್ಕವಾದರೆ, ಆಗಲ್ಲ. ರೋಮಾ, ಇಂಜೂನ್ ಊರುಗಳನ್ನು ದಾಟಿ ಒಂದು ಕಡೆಗೇ 700 ಕಿ.ಮೀ.ಗೂ ಹೆಚ್ಚು. ಮುಸ್ಸಂಜೆ ಆದಮೇಲೆ ಕಾಂಗರೂಗಳು ರಸ್ತೆಗೆ ನುಗ್ಗುತ್ತವೆ, ಆಗ ಗಾಡಿ ಓಡಿಸಬಾರದು. ಇಂಜೂನ್‌ನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ಎರಡು ರಾತ್ರಿ ಗಾರ್ಜ್ ಹತ್ತಿರವೇ ಉಳಿದು, ನಡುವಿನ ಇಡೀ ದಿನ ನಡೆಯಲು ಇಟ್ಟುಕೊಂಡರೆ, ಆಗುತ್ತೆ.

ಇಷ್ಟು ಹೇಳಿದ ಮೇಲೂ ಮುಂದಿನ ಪ್ರಶ್ನೆ ಬಂದೇ ಬರುತ್ತೆ: "ಕಾರು ಎಲ್ಲಿವರೆಗೂ ಹೋಗುತ್ತೆ?" ಸ್ವಾಮಿ, ಕಮರಿಯ ಬಾಯಿವರೆಗೆ. ಅಲ್ಲಿಂದಾಚೆ ಕಾಲು. ಕೊನೆಯ ಬಿಗ್ ಬೆಂಡ್‌ಗೆ ಹೋಗಿ ಬರಲು 19.4 ಕಿ.ಮೀ. ಅದು ಎಲ್ಲರಿಗೂ ಬೇಕಾಗಿಲ್ಲ. ಬಂಡೆಚಿತ್ರಗಳಿರುವ ಆರ್ಟ್ ಗ್ಯಾಲರಿಗೆ ಹೋಗಿ ಬರಲು 10.8 ಕಿ.ಮೀ.; ದಾರಿಯ ಪಕ್ಕದ ವಾರ್ಡ್ಸ್ ಕ್ಯಾನ್ಯನ್, ಆಂಫಿಥಿಯೇಟರ್, ಮಾಸ್ ಗಾರ್ಡನ್ ಸೇರಿಸಿದರೆ ಹತ್ತಿರ ಹತ್ತಿರ 14. ಎಲ್ಲರೂ ಎಡವುವುದು ಇಲ್ಲೇ. ಹೋಗುತ್ತಾ ಮೊದಲು ಸಿಕ್ಕ ಮಾಸ್ ಗಾರ್ಡನ್‌ಗೆ ತಿರುಗುತ್ತಾರೆ, ಅಲ್ಲೇ ಒಂದು ಗಂಟೆ ಫೋಟೋ, ಆಮೇಲೆ ಆಂಫಿಥಿಯೇಟರ್‌ನ ಕಬ್ಬಿಣದ ಏಣಿ. ಗ್ಯಾಲರಿ ಮುಟ್ಟುವ ಹೊತ್ತಿಗೆ ನೀರು ಮುಗಿದಿರುತ್ತೆ, ಮಕ್ಕಳು ಅಳುತ್ತಿರುತ್ತಾರೆ. ತಿರುಗಿಸಿ ಮಾಡಿ. ಬೆಳಗ್ಗೆ ಏಳಕ್ಕೆ ಹೊರಟು ಸೀದಾ ಗ್ಯಾಲರಿಗೆ. ಪಕ್ಕದ ಕವಲುಗಳೆಲ್ಲ ವಾಪಸ್ ಬರುವಾಗ, ಕಾಲಿನಲ್ಲಿ ಶಕ್ತಿ ಇದ್ದಷ್ಟು.

ತಲೆಗೆ ಮೂರು ಲೀಟರ್ ನೀರು. ಹೊಳೆ ಪಕ್ಕದಲ್ಲೇ ಹರಿಯುತ್ತೆ ನಿಜ, ಆದರೆ ಆ ನೀರನ್ನು ಕಾಯಿಸದೆ ಕುಡಿಯಬೇಡಿ. ಅದೇ ಹೊಳೆಯನ್ನು ಪದೇ ಪದೇ ದಾಟಬೇಕು, ಕಲ್ಲಿಂದ ಕಲ್ಲಿಗೆ. ಒದ್ದೆ ಕಲ್ಲಿನ ಮೇಲೆ ಚಪ್ಪಲಿ, ನುಣುಪು ಅಡಿಯ ಶೂ ಎರಡೂ ಜಾರುತ್ತವೆ. ಪಾದ ಉಳುಕುವುದು ಹೀಗೇ. ಮಳೆ ಬಂದಿದ್ದರೆ ಕಲ್ಲುಗಳೇ ಮುಳುಗಿರುತ್ತವೆ, ಆಗ ಹಿಂದಿರುಗಿ. ಒಳಗೆ ಮೊಬೈಲ್ ಸಿಗ್ನಲ್ ನಂಬಬೇಡಿ. ಜೂನ್-ಜುಲೈಯಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತೆ, ಕಮರಿಯೊಳಗೆ ಕತ್ತಲೂ ಬೇಗ, ಟಾರ್ಚ್ ಇರಲಿ.

ಆಮೇಲೆ ಇನ್ನೊಂದು ಗುಂಪು. "ಬಂಡೆ ಮೇಲಿನ ಕೈ ಗುರುತು ನೋಡೋಕೆ ಅಷ್ಟು ದೂರಾನಾ? ಮರಳುಗಲ್ಲು ನಮ್ಮ ಬಾದಾಮಿಲೇ ಇಲ್ವಾ?" ಇದೆ. ಚಿತ್ರವೂ ಇದೆ. ಹೀಗೆ ಕೇಳುವವರು ಬಾದಾಮಿ ಹತ್ತಿರದ ಸಿಡಿಲಫಡಿಗೆ ನಡೆದು ಅಲ್ಲಿನ ಹಳೆಯ ಚಿತ್ರ ನೋಡಿದ್ದರೆ ಸಂತೋಷ, ಸಾಮಾನ್ಯವಾಗಿ ನೋಡಿರುವುದಿಲ್ಲ. ಆರ್ಟ್ ಗ್ಯಾಲರಿ ಅಂದರೆ 62 ಮೀಟರ್ ಉದ್ದದ ಗೋಡೆ, ಅದರ ಮೇಲೆ 2,000ಕ್ಕೂ ಹೆಚ್ಚು ಗುರುತು. ಇಲ್ಲಿನ ಮೂಲನಿವಾಸಿಗಳು ಅಂಗೈಯನ್ನೋ ಬೂಮರಾಂಗನ್ನೋ ಬಂಡೆಗೆ ಒತ್ತಿಟ್ಟು, ನೀರಲ್ಲಿ ಕಲಸಿದ ಕಾವಿಮಣ್ಣನ್ನು ಬಾಯಿಂದ ಸುತ್ತಲೂ ಊದುತ್ತಿದ್ದರು. ಕೈ ತೆಗೆದರೆ ಆಕಾರ ಖಾಲಿಯಾಗಿ ಉಳಿಯುತ್ತೆ. ಇದಲ್ಲದೆ ಕೆತ್ತಿದ್ದೂ ಇದೆ, ನೇರ ಬಿಡಿಸಿದ್ದೂ ಇದೆ. ಇದೇ ರಾಷ್ಟ್ರೀಯ ಉದ್ಯಾನದ ಮೌಂಟ್ ಮೊಫಾಟ್ ಭಾಗದ ಕೆನಿಫ್ ಗವಿಯಲ್ಲಿ 1960ರ ದಶಕದ ಆರಂಭದಲ್ಲಿ ಪುರಾತತ್ವಜ್ಞ ಜಾನ್ ಮಲ್ವೇನಿ ಅಗೆದಾಗ, ಸುಮಾರು 19,000 ವರ್ಷ ಹಿಂದೆಯೇ ಜನ ಅಲ್ಲಿ ಇದ್ದರೆಂದು ತಿಳಿಯಿತು. "ಮಕ್ಕಳು ಗೀಚಿದ ಹಾಗಿದೆ" ಅನ್ನುವವರು ದಯವಿಟ್ಟು ಬ್ರಿಸ್ಬೇನ್‌ನಲ್ಲೇ ಇರಿ.

ಯಾರೂ ಕೇಳದ ಪ್ರಶ್ನೆ ಬೇರೆ ಇದೆ. ಸುತ್ತ ಒಣಗಿದ ದನ ಮೇಯುವ ಬಯಲು, ಒಳಗೆ ಇಷ್ಟು ಹಸಿರು ಹೇಗೆ? ಇಲ್ಲಿನ ಮೂಲನಿವಾಸಿಗಳಾದ ಬಿಡ್ಜಾರಾ ಮತ್ತು ಕರಿಂಗ್ಬಾಲ್ ಜನ ಹೇಳುವಂತೆ ಮುಂಡಗುರ್ರಾ ಎಂಬ ಸರ್ಪ ಹೊಳೆಯಲ್ಲಿ ಸಾಗುತ್ತಾ ಈ ಕಮರಿ ಕೊರೆಯಿತು. ಭೂವಿಜ್ಞಾನದ ಲೆಕ್ಕದಲ್ಲೂ ಕೊರೆದಿದ್ದು ನೀರೇ. ಮೇಲೆ ಬಿದ್ದ ಮಳೆ ಮರಳುಗಲ್ಲಿನ ಸಣ್ಣ ರಂಧ್ರಗಳಲ್ಲಿ ನಿಧಾನ ಇಳಿಯುತ್ತೆ. ಕೆಳಗೆ ನೀರು ಬಿಡದ ಜೇಡಿಗಲ್ಲಿನ ಪದರ. ಇಳಿಯಲು ದಾರಿ ಇಲ್ಲದೆ ಪಕ್ಕದ ಗೋಡೆಯಿಂದ ಜಿನುಗುತ್ತೆ, ಬೇಸಿಗೆಯಲ್ಲೂ. ಮಾಸ್ ಗಾರ್ಡನ್‌ನ ಹಾವಸೆ, ಜರೀಗಿಡಗಳೆಲ್ಲ ಆ ನೀರಿನ ಮೇಲೇ ಬದುಕಿವೆ. ವಾರ್ಡ್ಸ್ ಕ್ಯಾನ್ಯನ್‌ನ ಕಿಂಗ್ ಫರ್ನ್ ಇನ್ನೂ ಸೂಕ್ಷ್ಮ. ಆಳೆತ್ತರ ಮೀರಿದ ಅದರ ಗರಿಗಳಲ್ಲಿ ಕಟ್ಟಿಗೆಯ ಅಂಶವೇ ಇಲ್ಲ. ಒಳಗಿನ ನೀರಿನ ಒತ್ತಡದಿಂದಲೇ ನೆಟ್ಟಗೆ ನಿಲ್ಲುತ್ತವೆ. ಹಲಗೆ ದಾರಿ ಬಿಟ್ಟು ಇಳಿದು ಬುಡ ತುಳಿಯಬೇಡಿ.

ಚಿತ್ರಗಳದ್ದು ಇದಕ್ಕೆ ತಿರುಗಾಮುರುಗಾ. ಅವು ಉಳಿದಿರುವುದು ಮೇಲಿನ ಬಂಡೆ ಮುಂಚಾಚಿ ಮಳೆ ತಾಗದ ಒಣ ಗೋಡೆಗಳಲ್ಲಿ. ಆದ್ದರಿಂದ ಬಾಟಲಿ ನೀರು ಚಿಮುಕಿಸಿ ಬಣ್ಣ ಎದ್ದು ಕಾಣಲಿ ಅನ್ನೋ ಫೋಟೋ ಉಪಾಯ ಬೇಡ; ಕೈ ಮುಟ್ಟಿಸುವುದಂತೂ ಬೇಡವೇ ಬೇಡ, ಚರ್ಮದ ಜಿಡ್ಡು ಕಲ್ಲಿಗೆ ಹಿಡಿಯುತ್ತೆ. ಹಳೆಯ ಪ್ರವಾಸಿ ಪಟ್ಟಿಗಳಲ್ಲಿ ಬಲೂನ್ ಕೇವ್ ಎಂಬ ಇನ್ನೊಂದು ಚಿತ್ರತಾಣದ ಹೆಸರೂ ಇರುತ್ತೆ. ಅದನ್ನು ಹುಡುಕಿಕೊಂಡು ಹೋಗಬೇಡಿ. 2018ರ ಕಾಡ್ಗಿಚ್ಚಿನಲ್ಲಿ, ಮರುಬಳಕೆಯ ಪ್ಲಾಸ್ಟಿಕ್‌ನಿಂದ ಮಾಡಿದ್ದ ಅಲ್ಲಿನ ನಡೆದಾರಿಗೇ ಬೆಂಕಿ ಹೊತ್ತಿ, ಆ ಶಾಖಕ್ಕೆ ಬಂಡೆ ಸಿಡಿದು ಚಿತ್ರಗಳು ಹಾಳಾದವು.