ಮೆಡಿಕಲ್ ಅಸಿಸ್ಟೆಂಟ್ ಆಗೋಕೆ ಆನ್‌ಲೈನ್ ಕೋರ್ಸ್ ಸಾಕಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ವಾರಕ್ಕೆ ಒಂದಾದರೂ ಮೆಸೇಜ್ ಬರುತ್ತದೆ. "ಅಕ್ಕಾ, ನೀವು ಮೆಡಿಕಲ್ ಅಸಿಸ್ಟೆಂಟ್ ಅಂತೆ. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಓದಿ ಸರ್ಟಿಫೈಡ್ ಆಗಬಹುದಾ?" ಕೇಳುವವರಲ್ಲಿ ಹೆಚ್ಚಿನವರು ಅಮೆರಿಕಕ್ಕೆ ಬಂದು ಎರಡು ಮೂರು ವರ್ಷ ಆದವರು. ಮಗು ಸ್ಕೂಲಿಗೆ ಹೋಗಲು ಶುರು ಮಾಡಿದೆ, ವರ್ಕ್ ಪರ್ಮಿಟ್ ಕೈಗೆ ಬಂದಿದೆ, ಮತ್ತೆ ನಾಲ್ಕು ವರ್ಷ ಓದುವ ತಾಳ್ಮೆ ಇಲ್ಲ. ನಾನೂ ಹಾಗೇ ಇದ್ದೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅದನ್ನೇ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು.

ಚುಟುಕಾಗಿ ಹೇಳುವುದಾದರೆ, ತಲೆಗೆ ಬೇಕಾದ್ದು ಆನ್‌ಲೈನ್‌ನಲ್ಲಿ ಸಿಗುತ್ತದೆ. ಕೈಗೆ ಬೇಕಾದ್ದು ಸಿಗುವುದಿಲ್ಲ. ಎರಡೂ ಒಂದೇ ಅಂದುಕೊಂಡು ನಾನು 900 ಡಾಲರ್ ಮತ್ತು ಏಳು ತಿಂಗಳು ಕಳೆದುಕೊಂಡೆ.

ಮೊದಲು ಹೆಸರಿನ ಗೊಂದಲ. ಮೆಡಿಕಲ್ ಅಸಿಸ್ಟೆಂಟ್ ಅಂದರೆ ನರ್ಸ್ ಅಲ್ಲ. ಫಿಸಿಶಿಯನ್ ಅಸಿಸ್ಟೆಂಟ್ ಅಂತೂ ಅಲ್ಲವೇ ಅಲ್ಲ, ಅದಕ್ಕೆ ಮಾಸ್ಟರ್ಸ್ ಡಿಗ್ರಿ ಬೇಕು, ಅವರು ಔಷಧಿ ಬರೆದು ಕೊಡುತ್ತಾರೆ. ನೀವು ಡಾಕ್ಟರ್ ಹತ್ತಿರ ಹೋದಾಗ ಬಾಗಿಲು ತೆರೆದು ನಿಮ್ಮ ಹೆಸರು ಕರೆಯುತ್ತಾರಲ್ಲ, ತೂಕ ನೋಡಿ, ಬಿಪಿ ನೋಡಿ, ಯಾವ ಮಾತ್ರೆ ತಗೊಳ್ತಿದ್ದೀರಿ ಅಂತ ಕೇಳಿ ಕಂಪ್ಯೂಟರಿಗೆ ಹಾಕುತ್ತಾರಲ್ಲ, ಅವರೇ ನಾವು. ಲಸಿಕೆ ಚುಚ್ಚುವುದು, ರಕ್ತ ತೆಗೆಯುವುದು, ಇಸಿಜಿ ಮಾಡುವುದು (ಇಲ್ಲಿ ಇಕೆಜಿ ಅನ್ನುತ್ತಾರೆ), ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಮುಕ್ಕಾಲು ಗಂಟೆ ಮ್ಯೂಸಿಕ್ ಕೇಳುತ್ತಾ ಕಾಯುವುದು, ಎಲ್ಲಾ ನಮ್ಮದೇ. ರೋಗ ಏನು ಅಂತ ಹೇಳುವುದು ಮಾತ್ರ ನಮ್ಮ ಕೆಲಸವಲ್ಲ.

ಈಗ ನನ್ನ 900 ಡಾಲರಿನ ಕಥೆ. ನಾನು ಮೊದಲು ಸೇರಿದ್ದು ಪೂರ್ತಿ ಆನ್‌ಲೈನ್ ಕೋರ್ಸ್. "ನಿಮಗೆ ಬೇಕಾದಾಗ ಓದಿ, ಬೇಕಾದಾಗ ಮುಗಿಸಿ" ಅಂತ ಜಾಹೀರಾತು. ಪಾಠ ಕೆಟ್ಟದಾಗಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಅಡುಗೆ ಮಾಡುತ್ತಾ ಮೆಡಿಕಲ್ ಪದಗಳನ್ನು ಬಾಯಿಪಾಠ ಮಾಡಿದೆ. ಕೊನೆಯಲ್ಲಿ ಐಟಿಸ್ ಬಂದರೆ ಉರಿಯೂತ, ಎಕ್ಟಮಿ ಬಂದರೆ ಕತ್ತರಿಸಿ ತೆಗೆದದ್ದು. ಹೈಪರ್ ಅಂದರೆ ಜಾಸ್ತಿ, ಹೈಪೋ ಅಂದರೆ ಕಡಿಮೆ. ರೋಗಿಯ ಮಾಹಿತಿ ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು ಎನ್ನುವ ಹಿಪಾ ಕಾನೂನು (1996ರದ್ದು), ಇನ್ಶೂರೆನ್ಸ್ ಕೋಡುಗಳು, ಔಷಧಿಯ ಪ್ರಮಾಣದ ಲೆಕ್ಕ, ಇವೆಲ್ಲಾ ಪರದೆಯ ಮೇಲೆ ಚೆನ್ನಾಗಿಯೇ ಕಲಿಯಬಹುದು. ಕ್ಲಾಸಿನಲ್ಲಿ ಕೂತು ಕಲಿತರೂ ಇದಕ್ಕಿಂತ ಜಾಸ್ತಿ ಏನೂ ಸಿಗುತ್ತಿರಲಿಲ್ಲ.

ಎಡವಟ್ಟಾದದ್ದು ಬಿಪಿ ಪಾಠದಲ್ಲಿ. ಪೆಟ್ಟಿಗೆಯಲ್ಲಿ ಒಂದು ಕಫ್, ಒಂದು ಸ್ಟೆತಸ್ಕೋಪ್ ಕಳಿಸಿದ್ದರು. ಮನೆಯವರ ಕೈಗೆ ಕಟ್ಟಿ, ಬಿಪಿ ನೋಡಿ, ಅದರ ವಿಡಿಯೋ ಅಪ್‌ಲೋಡ್ ಮಾಡಬೇಕು. ಗಾಳಿ ತುಂಬಿ, ಆಮೇಲೆ ಸೆಕೆಂಡಿಗೆ ಎರಡು ಮೂರು ಅಂಕದಷ್ಟು ನಿಧಾನಕ್ಕೆ ಬಿಡುತ್ತಾ ಹೋದರೆ ಮೊದಲು ಟಪ್ ಅಂತ ಕೇಳಿಸುವುದು ಮೇಲಿನ ಸಂಖ್ಯೆ, ಶಬ್ದ ಪೂರ್ತಿ ನಿಂತಿದ್ದು ಕೆಳಗಿನ ಸಂಖ್ಯೆ. ನನಗೆ ಏನೂ ಕೇಳಿಸಲಿಲ್ಲ. ಫ್ರಿಜ್ ಗುಂಯ್ ಅನ್ನುವುದು ಕೇಳಿಸಿತು. ನನ್ನ ಉಸಿರು ಕೇಳಿಸಿತು. ಕೊನೆಗೆ ಮುಳ್ಳು ಅಲುಗಿದ ಹಾಗೆ ಕಂಡ ಕಡೆ ನೋಡಿ 120, 80 ಅಂತ ಬರೆದೆ. "ವೆರಿ ಗುಡ್" ಅಂತ ಮಾರ್ಕ್ಸ್ ಬಂತು. ವಿಡಿಯೋ ನೋಡಿದವರಿಗೆ ನನ್ನ ಕಿವಿಯೊಳಗಿನ ಶಬ್ದ ಎಲ್ಲಿಂದ ಕೇಳಿಸಬೇಕು, ಅಲ್ವಾ?

ಕೋರ್ಸ್ ಮುಗಿದ ಮೇಲೆ ಚಂದದ ಒಂದು ಸರ್ಟಿಫಿಕೇಟ್ ಬಂತು. ಜೊತೆಗೆ ಒಂದು ಪತ್ರ: "ಈ ವಿದ್ಯಾರ್ಥಿ ತರಬೇತಿ ಮುಗಿಸಿದ್ದಾರೆ, ದಯವಿಟ್ಟು ನಿಮ್ಮ ಕ್ಲಿನಿಕ್ಕಿನಲ್ಲಿ ಪ್ರಾಯೋಗಿಕ ಅನುಭವಕ್ಕೆ ಅವಕಾಶ ಕೊಡಿ." ಆ ಪತ್ರ ಹಿಡಿದುಕೊಂಡು ಹನ್ನೊಂದು ಕ್ಲಿನಿಕ್ ಸುತ್ತಿದೆ. ಎಲ್ಲಾ ಕಡೆ ನಗುನಗುತ್ತಲೇ ಆಗುವುದಿಲ್ಲ ಅಂದರು. ಕಾರಣ ಹನ್ನೊಂದನೇ ಕ್ಲಿನಿಕ್ಕಿನ ಮ್ಯಾನೇಜರ್ ಬಿಡಿಸಿ ಹೇಳಿದರು. ವಿದ್ಯಾರ್ಥಿ ಸೂಜಿ ಹಿಡಿದು ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರದು? ಕಾಲೇಜು ಮತ್ತು ಕ್ಲಿನಿಕ್ ನಡುವೆ ಒಪ್ಪಂದ ಇರಬೇಕು, ಕಾಲೇಜಿನ ಇನ್ಶೂರೆನ್ಸ್ ಇರಬೇಕು. ನನ್ನ ಕೈಯಲ್ಲಿದ್ದದ್ದು ಬರೀ ಕಾಗದ.

ಇಲ್ಲೇ ಎಲ್ಲರೂ ಜಾರುವುದು. ಕೋರ್ಸ್ ಮುಗಿಸಿದ್ದಕ್ಕೆ ಕೊಡುವ ಸರ್ಟಿಫಿಕೇಟ್ ಬೇರೆ, ಸರ್ಟಿಫಿಕೇಶನ್ ಬೇರೆ. ಸರ್ಟಿಫಿಕೇಶನ್ ಕೊಡುವುದು ನಿಮಗೆ ಪಾಠ ಮಾಡಿದವರಲ್ಲ, ಅದಕ್ಕೆ ಬೇರೆ ಸಂಸ್ಥೆಗಳಿವೆ, ಅವರ ಪರೀಕ್ಷೆ ಬರೆಯಬೇಕು. ಹೆಚ್ಚಾಗಿ ಕೇಳಿಬರುವ ಹೆಸರುಗಳು ಮೂರು. ಸಿಎಂಎ ಕೊಡುವುದು ಅಮೆರಿಕನ್ ಅಸೋಸಿಯೇಶನ್ ಆಫ್ ಮೆಡಿಕಲ್ ಅಸಿಸ್ಟೆಂಟ್ಸ್, 1956ರಿಂದ ಇರುವ ಸಂಸ್ಥೆ. ಆರ್‌ಎಂಎ ಕೊಡುವುದು ಅಮೆರಿಕನ್ ಮೆಡಿಕಲ್ ಟೆಕ್ನಾಲಜಿಸ್ಟ್ಸ್. ಸಿಸಿಎಂಎ ಕೊಡುವುದು ನ್ಯಾಷನಲ್ ಹೆಲ್ತ್‌ಕೆರಿಯರ್ ಅಸೋಸಿಯೇಶನ್. ಕೆಲಸದ ಜಾಹೀರಾತುಗಳಲ್ಲಿ ಎಷ್ಟೋ ಸಲ "ಇವುಗಳಲ್ಲಿ ಯಾವುದಾದರೂ ಒಂದು" ಅಂತಲೇ ಇರುತ್ತದೆ. (ಸುಮ್ನೆ ಸಿಎಂಎ ಅಂತ ಹುಡುಕಿದರೆ ಅಕೌಂಟೆಂಟುಗಳ ಪರೀಕ್ಷೆಯೂ ಬರುತ್ತದೆ. ಒಬ್ಬಳು ಅದರ ಪುಸ್ತಕವನ್ನೇ ತರಿಸಿಕೊಂಡಿದ್ದಳು.)

ಸಿಎಂಎ ಪರೀಕ್ಷೆಯಲ್ಲಿ 200 ಪ್ರಶ್ನೆ, ತಲಾ 40 ನಿಮಿಷದ ನಾಲ್ಕು ಭಾಗ. ಅದರಲ್ಲಿ 180ಕ್ಕೆ ಮಾತ್ರ ಅಂಕ, ಉಳಿದ 20 ಅವರ ಪ್ರಯೋಗಕ್ಕೆ, ಯಾವ ಇಪ್ಪತ್ತು ಅಂತ ಹೇಳುವುದಿಲ್ಲ. ಈ ಪರೀಕ್ಷೆಗೆ ಹೋಗುವ ರಾಜಮಾರ್ಗ ಅಂದರೆ ಸಿಎಎಎಚ್‌ಇಪಿ ಅಥವಾ ಎಬಿಎಚ್‌ಇಎಸ್ (ಕೋರ್ಸುಗಳನ್ನು ಪರಿಶೀಲಿಸುವ ಸಂಸ್ಥೆಗಳು) ಮಾನ್ಯತೆ ಇರುವ ಕೋರ್ಸ್. ಆ ಮಾನ್ಯತೆ ಇರಬೇಕಾದರೆ ನಿಜವಾದ ಕ್ಲಿನಿಕ್ಕಿನಲ್ಲಿ ಕನಿಷ್ಠ 160 ಗಂಟೆ ಪ್ರಾಕ್ಟಿಕಮ್, ಅಂದರೆ ಸಾಮಾನ್ಯವಾಗಿ ಸಂಬಳವಿಲ್ಲದ ಪ್ರಾಯೋಗಿಕ ತರಬೇತಿ, ಇರಲೇಬೇಕು. ಪಾಠವೆಲ್ಲಾ ಆನ್‌ಲೈನ್ ಆದರೂ ಸರಿ, ಆ 160 ಗಂಟೆಗೆ ಮಾತ್ರ ರಿಯಾಯಿತಿ ಇಲ್ಲ.

ಸಿಸಿಎಂಎ ಸ್ವಲ್ಪ ಸಡಿಲ. ಹೈಸ್ಕೂಲ್ ಆಗಿದ್ದು, ಕಳೆದ ಐದು ವರ್ಷದೊಳಗೆ ಮೆಡಿಕಲ್ ಅಸಿಸ್ಟೆಂಟ್ ತರಬೇತಿ ಮುಗಿಸಿದ್ದರೆ ಪರೀಕ್ಷೆಗೆ ಕೂರಬಹುದು. ಪರೀಕ್ಷೆಯನ್ನೂ ಮನೆಯಿಂದಲೇ, ಕ್ಯಾಮೆರಾ ಮುಂದೆ, ಬರೆಯಬಹುದು. ಅಂದರೆ ನೀವು ಕೇಳಿದ ಪ್ರಶ್ನೆಗೆ ಕಾಗದದ ಮೇಲಿನ ಉತ್ತರ "ಹೌದು, ಆಗಬಹುದು." ಒಬ್ಬ ರೋಗಿಯನ್ನೂ ಮುಟ್ಟದೆ ಸರ್ಟಿಫೈಡ್ ಆದವರನ್ನು ನಾನೇ ನೋಡಿದ್ದೇನೆ. ಅವರಿಗೆ ಕೆಲಸ ಸಿಗಲು ನನಗಿಂತ ಜಾಸ್ತಿ ದಿನ ಹಿಡಿಯಿತು, ಅಷ್ಟೇ. ಇಂಟರ್‌ವ್ಯೂನಲ್ಲಿ ಮೊದಲ ಪ್ರಶ್ನೆಯೇ "ಎಕ್ಸ್‌ಟರ್ನ್‌ಶಿಪ್ ಎಲ್ಲಿ ಮಾಡಿದಿರಿ?" ಪ್ರಾಕ್ಟಿಕಮ್ಮಿಗೆ ಇನ್ನೊಂದು ಹೆಸರು ಅದು.

ನಾನು ಎರಡನೇ ಸಲ ಸೇರಿದ್ದು ಕಮ್ಯುನಿಟಿ ಕಾಲೇಜಿಗೆ. ವಾರವೆಲ್ಲಾ ಆನ್‌ಲೈನ್ ಪಾಠ, ಶನಿವಾರ ಲ್ಯಾಬ್. ಮೊದಲ ಶನಿವಾರವೇ ಟೀಚರ್ ಒಂದು ವಿಚಿತ್ರ ಸ್ಟೆತಸ್ಕೋಪ್ ತಂದರು, ಒಂದೇ ಬಿಲ್ಲೆ, ಅದರಿಂದ ಎರಡು ಜೊತೆ ಕೊಳವೆ. ಒಂದು ನನ್ನ ಕಿವಿಗೆ, ಇನ್ನೊಂದು ಅವರ ಕಿವಿಗೆ. ನಾನು 120 ಅಂದೆ. ಅವರು ಏನೂ ಹೇಳದೆ ಮತ್ತೆ ಗಾಳಿ ತುಂಬಿದರು. ಗಾಳಿ ಬಿಡುತ್ತಾ 138 ಬಂದಾಗ ನನ್ನ ಭುಜದ ಮೇಲೆ ಬೆರಳಿನಿಂದ ಒಂದು ತಟ್ಟಿದರು. ಅದೇ ಕ್ಷಣಕ್ಕೆ ಕಿವಿಯಲ್ಲಿ ಸಣ್ಣಗೆ, ತುಂಬಾ ದೂರದಲ್ಲಿ, ಟಪ್. ನಾನು ಇಷ್ಟು ದಿನ ಕಾಯುತ್ತಿದ್ದ ಶಬ್ದಕ್ಕಿಂತ ಎಷ್ಟೋ ಮೆಲ್ಲಗಿನ ಶಬ್ದ ಅದು. ಏಳು ತಿಂಗಳಲ್ಲಿ ಆಗದ್ದು ಎರಡು ನಿಮಿಷದಲ್ಲಿ ಆಯಿತು.

ರಕ್ತ ತೆಗೆಯುವುದು ಇನ್ನೂ ದೊಡ್ಡ ಕಥೆ. ಲ್ಯಾಬಿನಲ್ಲಿ ರಬ್ಬರ್ ಕೈ ಇರುತ್ತದೆ, ಒಳಗೆ ಕೆಂಪು ನೀರು. ಅದರ ನರ, ಅಂದರೆ ರಕ್ತನಾಳ, ಎಂದೂ ಜಾಗ ಬಿಟ್ಟು ಕದಲುವುದಿಲ್ಲ. ಪ್ರಾಕ್ಟಿಕಮ್ಮಿನ ಮೂರನೇ ದಿನ ನನ್ನ ಮುಂದೆ ಕೂತದ್ದು ಎಪ್ಪತ್ತು ದಾಟಿದ ಒಬ್ಬ ತಾತ. ಚರ್ಮ ಸಡಿಲ, ನರ ಬೆರಳಿನಡಿ ಹಗ್ಗದ ಹಾಗೆ ಜಾರುತ್ತಿತ್ತು. ಎಡಗೈ ಹೆಬ್ಬೆರಳಿನಿಂದ ಚರ್ಮವನ್ನು ಕೆಳಗೆ ಎಳೆದು ಬಿಗಿ ಹಿಡಿಯಬೇಕು, ಇಲ್ಲದಿದ್ದರೆ ಸೂಜಿ ಬಂದಾಗ ನರ ಪಕ್ಕಕ್ಕೆ ಓಡುತ್ತದೆ. ಸೂಜಿಯ ಓರೆ ಬಾಯಿ ಮೇಲ್ಮುಖವಾಗಿರಬೇಕು, 15ರಿಂದ 30 ಡಿಗ್ರಿ ಓರೆಯಲ್ಲಿ ಒಳಗೆ ಹೋಗಬೇಕು. ಇಷ್ಟೂ ನನಗೆ ಬಾಯಿಪಾಠ. ಸೂಜಿಯೂ ಸರಿಯಾಗಿಯೇ ಹೋಯಿತು, ಸಣ್ಣ ಕೊಳವೆಯಲ್ಲಿ ರಕ್ತ ಕಾಣಿಸಿತು.

ಆಮೇಲೆ ಟ್ಯೂಬುಗಳು. ಮೊದಲು ತಿಳಿನೀಲಿ ಮುಚ್ಚಳದ್ದು, ಆಮೇಲೆ ಚಿನ್ನದ ಬಣ್ಣದ್ದು, ಕೊನೆಗೆ ನೇರಳೆ. ಈ ಕ್ರಮ ಸುಮ್ಮನೆ ಇಟ್ಟದ್ದಲ್ಲ. ನೇರಳೆ ಟ್ಯೂಬಿನೊಳಗಿನ ಇಡಿಟಿಎ ಎಂಬ ರಾಸಾಯನಿಕದಲ್ಲಿ ಪೊಟ್ಯಾಶಿಯಂ ಇರುತ್ತದೆ. ಅದನ್ನು ಮೊದಲು ತುಂಬಿ, ಅದರ ಚೂರು ಚಿನ್ನದ ಬಣ್ಣದ ಟ್ಯೂಬಿಗೆ ಅಂಟಿತೋ, ಆರೋಗ್ಯವಾಗಿರುವ ಮನುಷ್ಯನ ರಿಪೋರ್ಟಿನಲ್ಲಿ ಪೊಟ್ಯಾಶಿಯಂ ಏರಿ, ಕ್ಯಾಲ್ಸಿಯಂ ಇಳಿದು, ಡಾಕ್ಟರ್ ಗಾಬರಿಯಾಗಬೇಕು. ಇದೂ ಆನ್‌ಲೈನ್‌ನಲ್ಲೇ ಕಲಿತದ್ದು, ಒಳ್ಳೆಯ ಪಾಠ. ಆದರೆ ಒಂದು ಕೈಯಲ್ಲಿ ಸೂಜಿ ಕದಲದಂತೆ ಹಿಡಿದು, ಇನ್ನೊಂದು ಕೈಯಲ್ಲಿ ಟ್ಯೂಬ್ ಬದಲಿಸುವುದನ್ನು ಯಾವ ವಿಡಿಯೋ ನಿಮ್ಮ ಕೈಗೆ ಕಲಿಸುತ್ತದೆ?

ನನ್ನ ಗಮನವೆಲ್ಲಾ ಟ್ಯೂಬಿನ ಮೇಲೇ ಇತ್ತು. ತೋಳಿಗೆ ಕಟ್ಟಿದ ಪಟ್ಟಿ ಮರೆತೇಹೋಯಿತು. ಅದನ್ನು ಒಂದು ನಿಮಿಷದೊಳಗೆ ಬಿಚ್ಚಬೇಕು, ಸೂಜಿ ತೆಗೆಯುವ ಮೊದಲಂತೂ ಬಿಚ್ಚಿರಲೇಬೇಕು. ಇಲ್ಲದಿದ್ದರೆ ಒಳಗೆ ರಕ್ತ ಸೋರಿ ಅಂಗೈ ಅಗಲ ನೀಲಿಗಟ್ಟುತ್ತದೆ. ನಾನು ಸೂಜಿ ಎಳೆಯಬೇಕು ಅನ್ನುವಷ್ಟರಲ್ಲಿ ನನ್ನ ಹೆಗಲ ಮೇಲಿಂದ ಒಂದು ಕೈ ಬಂದು ಪಟ್ಟಿಯ ತುದಿ ಹಿಡಿದು ಎಳೆಯಿತು. ಹಿಂದೆ ನಿಂತು ನೋಡುತ್ತಿದ್ದ ಸೀನಿಯರ್. ಒಂದು ಮಾತೂ ಆಡಲಿಲ್ಲ. ತಾತನಿಗೆ ಗೊತ್ತೇ ಆಗಲಿಲ್ಲ. 160 ಗಂಟೆ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನನಗೆ ಆ ಕೈ ನೆನಪಾಗುತ್ತದೆ.

ಇನ್ನು ಪ್ರಾಕ್ಟಿಕಮ್ಮಿಗೆ ಮುಂಚೆ ಹೆಪಟೈಟಿಸ್ ಬಿ ಲಸಿಕೆ, ಟಿಬಿ ಪರೀಕ್ಷೆ, ಬ್ಯಾಕ್‌ಗ್ರೌಂಡ್ ಚೆಕ್, ಡ್ರಗ್ ಟೆಸ್ಟ್, ಸಿಪಿಆರ್ ಕಾರ್ಡ್, ಇವೆಲ್ಲಾ ಸಾಮಾನ್ಯವಾಗಿ ಕೇಳುತ್ತಾರೆ. ಹಳೆಯ ಲಸಿಕೆ ದಾಖಲೆ ಇದ್ದರೆ ಈಗಲೇ ಹುಡುಕಿಡಿ, ಕೊನೇ ಗಳಿಗೆಯಲ್ಲಿ ಒದ್ದಾಡುವುದು ತಪ್ಪುತ್ತದೆ. ಎಚ್-4 ವೀಸಾದಲ್ಲಿರುವವರು (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿ) ಓದಬಹುದು, ಸಂಬಳದ ಕೆಲಸಕ್ಕೆ ಮಾತ್ರ ವರ್ಕ್ ಪರ್ಮಿಟ್ ಇರಬೇಕು. ಪ್ರಾಕ್ಟಿಕಮ್ಮಿಗೆ ಸಂಬಳವೇ ಇಲ್ಲವಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ, ಫೀಸ್ ಕಟ್ಟುವ ಮೊದಲೇ ವಕೀಲರನ್ನು ಕೇಳಿ.

ನೀವಿರುವ ರಾಜ್ಯವೂ ಮುಖ್ಯ. ವಾಷಿಂಗ್ಟನ್ ರಾಜ್ಯದಲ್ಲಿ 2013ರಿಂದ ಆರೋಗ್ಯ ಇಲಾಖೆಯ ಪರವಾನಗಿ ಇಲ್ಲದೆ ಈ ಕೆಲಸ ಮಾಡುವ ಹಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸ್ ಇಲ್ಲ, ಆದರೆ ಇಂಜೆಕ್ಷನ್ ಕೊಡಲು ಕನಿಷ್ಠ 10 ಗಂಟೆ, ರಕ್ತ ತೆಗೆಯಲು ಇನ್ನೊಂದು 10 ಗಂಟೆ ತರಬೇತಿ ಆಗಿರಬೇಕು ಅನ್ನುತ್ತದೆ ಕಾನೂನು. ಹಾಗಾಗಿ "ನನ್ನ ಫ್ರೆಂಡ್‌ಗೆ ಏನೂ ಕೇಳಲಿಲ್ಲ" ಅನ್ನುವ ಮಾತನ್ನು, ಆ ಫ್ರೆಂಡ್ ಯಾವ ರಾಜ್ಯದಲ್ಲಿದ್ದಾಳೆ ಅಂತ ಕೇಳದೆ ನಂಬಬೇಡಿ.

ಸಂಬಳದ ವಿಷಯ ಎಲ್ಲರೂ ಕೊನೆಗೆ, ಸ್ವಲ್ಪ ಸಂಕೋಚದಿಂದ ಕೇಳುತ್ತಾರೆ. ಸರ್ಕಾರದ ಕಾರ್ಮಿಕ ಅಂಕಿಅಂಶ ಬ್ಯೂರೋ ಪ್ರಕಾರ 2023ರ ಮೇ ತಿಂಗಳಲ್ಲಿ ಇದರ ಮಧ್ಯದ ಸಂಬಳ ವರ್ಷಕ್ಕೆ 42,000 ಡಾಲರ್, ಗಂಟೆಗೆ 20ರ ಮೇಲೆ ಸ್ವಲ್ಪ. ದೊಡ್ಡ ಸಂಬಳ ಅಲ್ಲ. ಇದನ್ನು ತಿಳಿದುಕೊಂಡೇ ಬನ್ನಿ, 10,000 ಡಾಲರ್ ಫೀಸ್ ಕೇಳುವ ಕೋರ್ಸಿಗೆ ಸಹಿ ಹಾಕುವ ಮೊದಲು ಒಮ್ಮೆ ಲೆಕ್ಕ ಮಾಡಿ. ಮತ್ತೆ, ಊರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮಾಡಿದವರು ದಯವಿಟ್ಟು ಈ ಕಡೆ ಬರಬೇಡಿ. ನಿಮ್ಮ ದಾರಿ ಎನ್‌ಸಿಎಲ್‌ಇಎಕ್ಸ್, ಅಂದರೆ ಇಲ್ಲಿ ನರ್ಸ್ ಲೈಸೆನ್ಸಿಗೆ ಬರೆಯುವ ಪರೀಕ್ಷೆ. ಕಷ್ಟ ಹೌದು, ಕಾಗದಪತ್ರ ಜಾಸ್ತಿ ಹೌದು, ಆದರೆ ಕೈಗೆ ಬಂದಿರುವ ವಿದ್ಯೆಯನ್ನು ಅರ್ಧ ಬೆಲೆಗೆ ಮಾರುವುದು ಯಾಕೆ?

ಹಾಗಾದರೆ ಕೋರ್ಸ್ ಆರಿಸುವುದು ಹೇಗೆ? ಆನ್‌ಲೈನ್ ಹೌದೋ ಅಲ್ಲವೋ ಅನ್ನುವುದನ್ನು ಪಕ್ಕಕ್ಕಿಡಿ. ಫೋನ್ ಮಾಡಿ ಎರಡೇ ಮಾತು ಕೇಳಿ. ಒಂದು, ನನ್ನ ಮನೆಗೆ ಹತ್ತಿರದ ಯಾವ ಕ್ಲಿನಿಕ್ ಜೊತೆ ನಿಮಗೆ ಪ್ರಾಕ್ಟಿಕಮ್ ಒಪ್ಪಂದ ಇದೆ? ಎರಡು, ಈ ಕೋರ್ಸ್ ಮುಗಿಸಿ ಯಾವ ಪರೀಕ್ಷೆ ಬರೆಯಬಹುದು? ಎರಡನೆಯದಕ್ಕೆ ಎಲ್ಲರೂ ಪಟಪಟ ಉತ್ತರ ಕೊಡುತ್ತಾರೆ. ಮೊದಲನೆಯದಕ್ಕೆ ಫೋನಿನಲ್ಲಿ ಎಷ್ಟು ಹೊತ್ತು ಮೌನ ಇರುತ್ತದೆ ಅಂತ ಗಮನಿಸಿ.

ಹೋದ ವಾರ ಒಬ್ಬಳಿಗೆ ಹೀಗೇ ಹೇಳಿದೆ. ಅವಳು ಆಗಲೇ ಒಂದು ಕೋರ್ಸ್ ಮೆಚ್ಚಿಕೊಂಡಿದ್ದಳು, ಡಿಸ್ಕೌಂಟ್ ಭಾನುವಾರಕ್ಕೆ ಮುಗಿಯುತ್ತಿತ್ತು. ಫೋನ್ ಮಾಡಿ ಕೇಳಿದಳಂತೆ. ಹತ್ತು ನಿಮಿಷ ಹೋಲ್ಡ್‌ನಲ್ಲಿ ಇಟ್ಟು, ಆಮೇಲೆ ಒಂದು ಮಾದರಿ ಪತ್ರ ಈಮೇಲ್ ಮಾಡಿದರು, ಇದನ್ನು ತೋರಿಸಿದರೆ ಯಾವ ಕ್ಲಿನಿಕ್ಕಿನಲ್ಲಾದರೂ ಸೇರಿಸಿಕೊಳ್ಳುತ್ತಾರೆ ಅಂತ. ಅದರ ಸ್ಕ್ರೀನ್‌ಶಾಟ್ ಕಳಿಸಿ "ಇದು ಸಾಕಲ್ವಾ ಅಕ್ಕಾ?" ಅಂದಳು. ನಾನು ಡ್ರಾಯರ್ ತೆಗೆದು, ಹನ್ನೊಂದು ಕ್ಲಿನಿಕ್ ಸುತ್ತಿ ಮಡಿಕೆ ಹರಿದ ನನ್ನ ಪತ್ರದ ಫೋಟೋ ತೆಗೆದು ಕಳಿಸಿದೆ.